ಬೇಡ ಎನ್ನುವ ಊರಿನಿಂದ ಬೇಕು ಎನ್ನುವ ಊರಿಗೆ

ಕೃಷ್ಣೆ ದಾಟಿದ್ದು

ಧಾರವಾಡದಿಂದ ಪುಣೆಗೆ ಹೋಗಿ ಬಂದವನು ಪ್ರವಾಸ ಕಥನ ಬರೆಯುತ್ತಾನೆಂದರೆ ನಗುವವರು ನಗಲಿ. ನಾನು ಹಡಗು ಹತ್ತಲಿಲ್ಲ, ಹಿಮ ಕಾಣಲಿಲ್ಲ, ಆಳುವ ಸರಕಾರ ಕೂಡ ಬದಲಾಗಲಿಲ್ಲ. ಆದರೆ ನಮ್ಮ ಅಜ್ಜಿ ಕೃಷ್ಣೆ ದಾಟಿದರೆ ಪರದೇಶ ಎನ್ನುತ್ತಿದ್ದಳು. ಮಾತು ಬೇರೆ, ಸಾರಿನ ರುಚಿ ಬೇರೆ, ರೊಟ್ಟಿಯ ದಪ್ಪ ಬೇರೆ. ಪರದೇಶವೆನ್ನಲು ಇನ್ನೇನು ಬೇಕು ಎಂಬುದು ಅವಳ ವಾದ. ನಾನು ಹೈಸ್ಕೂಲಿನಲ್ಲಿ ಭೂಗೋಳ, ನೀತಿಪಾಠ ಎರಡನ್ನೂ ಕಲಿಸುವವನು. ಹೋಗಿ ಬಂದ ಮೇಲೆ ಭೂಗೋಳದ ಮಟ್ಟಿಗೆ ಅಜ್ಜಿ ಹೇಳಿದ್ದೇ ಸರಿ ಎನಿಸಿದೆ. ನೀತಿಪಾಠದ ಮಟ್ಟಿಗೆ ಏನೆನಿಸಿತು ಎಂಬುದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಪುಣೆಯ ಕಚೇರಿಗಳಲ್ಲಿ, ಪೇಟೆಯಲ್ಲಿ ನೆಲೆ ನಿಂತ ನಮ್ಮ ಕಡೆಯವರು ಒಂದು ಚಿಕ್ಕ ಕನ್ನಡ ಕೂಟ ಮಾಡಿಕೊಂಡಿದ್ದಾರೆ. ಬೇಸಿಗೆಯಲ್ಲಿ ಊರ ಕಡೆಯಿಂದ ಯಾರನ್ನಾದರೂ ಕರೆಸಿ ಒಂದು ವ್ಯಾಖ್ಯಾನ, ಅಂದರೆ ಭಾಷಣ, ಮಾಡಿಸುತ್ತಾರೆ. ಈ ಸಲ ಆ ಯೋಗ ನನಗೆ ಬಂತು. ಕರೆದವನು ನನ್ನ ಕಾಲೇಜಿನ ಗೆಳೆಯ ವೆಂಕಟರಾವ. ಬೆಳಗಾವಿಯವನು, ಹತ್ತು ವರ್ಷದಿಂದ ಪುಣೆಯಲ್ಲಿ ಕಾರಕೂನ. ವಿಷಯವನ್ನು ನಾನೇ ಆರಿಸಿದ್ದೆ: ‘ಈ ಕಾಲದ ಸ್ವಾರ್ಥ’. ಈಗ ಎಲ್ಲರೂ ತಂತಮ್ಮ ಸುಖದ ಬೆನ್ನು ಹತ್ತಿದ್ದಾರೆ, ಹಿರಿಯರ ತ್ಯಾಗಬುದ್ಧಿ ಮಣ್ಣುಗೂಡಿತು ಎಂದು ಎರಡು ತಿಂಗಳು ಕೂತು ಬರೆದೆ. ಬರೆಯುವಾಗ ನನಗೆ ಗದ್ದಲ ಆಗದಿರಲೆಂದು ನನ್ನ ತಂಗಿ ತುಂಗಾ ನನ್ನ ಐದು ಮಕ್ಕಳನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಕೂಡಿಸಿಕೊಳ್ಳುತ್ತಿದ್ದಳು.

ತುಂಗಾಳಿಗೆ ಈಗ ಇಪ್ಪತ್ತೆಂಟು ವರ್ಷ. ಹನ್ನೊಂದಕ್ಕೆ ಮದುವೆ, ಹದಿನೈದಕ್ಕೆ ವೈಧವ್ಯ. ಆವತ್ತಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಅವಳ ತಲೆ ಬೋಳಿಸಬೇಕೆಂದು ಊರ ಹಿರಿಯರು ಹಟ ಹಿಡಿದಾಗ ಬಾಗಿಲಿಗೆ ಅಡ್ಡ ನಿಂತವನು ನಾನು. ಆ ಒಂದು ದಿನದ ಧೈರ್ಯದ ಮೇಲೆ ಇಷ್ಟು ವರ್ಷ ಸುಧಾರಕನೆಂದು ಹೆಸರು ಮಾಡಿಕೊಂಡು ಬಂದಿದ್ದೇನೆ.

ಅವಳು ನನ್ನೊಡನೆ ಹೊರಟದ್ದು ಪುಣೆಯ ದಾರಿಯಲ್ಲಿರುವ ಜೇಜುರಿಗೆ. ಅಲ್ಲಿಯ ಖಂಡೋಬ ನಮ್ಮ ಮನೆದೇವರು. ನಾನು ಎಳೆಯವನಿದ್ದಾಗ ವಿಷಮಜ್ವರ ಬಂದು, ಬದುಕಿದರೆ ಬೆಟ್ಟ ಹತ್ತಿ ಭಂಡಾರದ ಅರಿಸಿನ ಹಾರಿಸುತ್ತೇನೆಂದು ನಮ್ಮ ತಾಯಿ ಹರಕೆ ಹೊತ್ತಿದ್ದಳಂತೆ. ನಾನು ಬದುಕಿದೆ, ಹರಕೆ ಹಾಗೇ ಉಳಿಯಿತು. ಸಾಯುವಾಗ ತಾಯಿ ಅದನ್ನು ತುಂಗಾಳಿಗೆ ಒಪ್ಪಿಸಿ ಹೋದಳು. ನನಗೂ ಹೊರಗಿನ ಊಟ ಒಗ್ಗುವುದಿಲ್ಲ. ಬುತ್ತಿ ಕಟ್ಟಲು, ಬಡಿಸಲು ಒಬ್ಬರಿದ್ದರೆ ಅನುಕೂಲ ಎಂಬುದೂ ಮನಸ್ಸಿನಲ್ಲಿತ್ತು.

ಕುಡಚಿಯ ಹತ್ತಿರ ಗಾಡಿ ಕೃಷ್ಣೆಯ ಸೇತುವೆ ಹತ್ತಿದಾಗ ತುಂಗಾ ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿದಳು. ಮಿರಜ, ಕರಾಡ, ವಾಠಾರ ದಾಟಿ ಜೇಜುರಿ ಬಂತು. ದೂರದ ಗುಡ್ಡದ ಮೇಲೆ ಗುಡಿ ಕಾಣಿಸಿದ ಕೂಡಲೆ ಎದ್ದು ನಿಂತಳು. ಇಲ್ಲಿ ಇಳಿದು ಬೆಟ್ಟ ಹತ್ತಿದರೆ ವ್ಯಾಖ್ಯಾನಕ್ಕೆ ಮೊದಲೇ ದಣಿವಾಗುತ್ತದೆ ಎಂದು ಲೆಕ್ಕ ಹಾಕಿ, “ತಿರುಗಿ ಬರೂಮುಂದ ಇಳಿಯೋಣು” ಎಂದೆ. ಅವಳು “ಹೂಂ” ಎಂದು ಕೂತುಕೊಂಡಳು. ತಾಯಿಯ ಹರಕೆ ಇಪ್ಪತ್ತೈದು ಮೂವತ್ತು ವರ್ಷ ಕಾದಿದೆ, ಇನ್ನೊಂದು ವಾರ ಕಾಯಲಿ ಎಂದು ನಾನು ಕಾಲು ಚಾಚಿದೆ.

ವಾಡೆಯ ಮೊದಲ ಊಟ

ವೆಂಕಟರಾವನ ಮನೆ ಹಳೆಯ ಪೇಟೆಯ ಒಂದು ವಾಡೆಯಲ್ಲಿ. ನಡುವೆ ಅಂಗಳ, ಸುತ್ತ ಎರಡು ಅಂತಸ್ತಿನಲ್ಲಿ ಹನ್ನೆರಡು ಸಂಸಾರ. ಎಲ್ಲರ ಬಾಗಿಲೂ ಒಂದೇ ಅಂಗಳಕ್ಕೆ ತೆರೆದಿದ್ದರೂ ಯಾರೂ ಯಾರ ಮನೆಯೊಳಗೂ ಇಣುಕುವುದಿಲ್ಲ. ನಮ್ಮ ಓಣಿಯಲ್ಲಿ ಹೊಸಬರು ಕಾಲಿಟ್ಟರೆ ಅವರ ಗೋತ್ರ ತಿಳಿಯುವ ತನಕ ಯಾರಿಗೂ ಊಟ ಸೇರುವುದಿಲ್ಲ. ಇಲ್ಲಿ ಕಟ್ಟೆಯ ಮೇಲೆ ಕೂತ ಮುದುಕರು ನಮ್ಮನ್ನೂ ಗಂಟುಗಳನ್ನೂ ಒಂದು ಸಲ ನೋಡಿ ಮತ್ತೆ ಪತ್ರಿಕೆ ಓದಲು ತೊಡಗಿದರು. ನನಗೆ ಒಂದಿಷ್ಟು ಅವಮಾನವೇ ಆಯಿತು.

ವೆಂಕಟರಾವನ ಹೆಂಡತಿ ಇಂದಿರಾಬಾಯಿ ಪುಣೆಯ ಮಗಳು, ಮಾತೆಲ್ಲ ಮರಾಠಿ. ನನಗೂ ತುಂಗಾಳಿಗೂ ಮರಾಠಿ ಬರುತ್ತದೆ. ಧಾರವಾಡದಲ್ಲಿ ಅದು ಬಾರದವರು ಕಡಿಮೆ. ಆಕೆ ಎರಡು ಚಪಾತಿ, ಪಲ್ಯ, ತೊವ್ವೆಯಂಥ ವರಣ, ಅನ್ನ ಬಡಿಸಿ, “ಇನ್ನೊಂದು ಚಪಾತಿ?” ಎಂದು ಕೇಳಿದಳು. ಬೆಳಿಗ್ಗೆಯಿಂದ ಅವಲಕ್ಕಿಯ ಮೇಲೆ ಇದ್ದ ಹೊಟ್ಟೆ ಚುರುಗುಡುತ್ತಿತ್ತು. ನಾನು ನಮ್ಮ ರೂಢಿಯಂತೆ ತಾಟಿನ ಮೇಲೆ ಕೈ ಅಡ್ಡ ಹಿಡಿದು, “ಬ್ಯಾಡ್ರಿ, ಬ್ಯಾಡ್ರಿ, ಭಾಳ ಆತು” ಎಂದು ಮರಾಠಿಯಲ್ಲೇ ಹೇಳಿದೆ.

ನಮ್ಮಲ್ಲಿ ಇದಕ್ಕೆ ಅರ್ಥವೇ ಬೇರೆ. ಮೊದಲ ಬೇಡ ಮರ್ಯಾದೆಯದು. ಎರಡನೆಯದು ನಾಚಿಕೆಯದು. ಮೂರನೆಯ ಸಲ ಬಡಿಸುವವರು ಆಣೆ ಹಾಕಿ, ಕೈ ಸರಿಸಿ, ತಾಟಿಗೆ ಹಾಕಿಯೇ ಬಿಡುತ್ತಾರೆ. ಉಣ್ಣುವವನು ‘ಏನಿದು ನಿಮ್ಮ ಒತ್ತಾಯ’ ಎಂದು ಗೊಣಗುತ್ತ ಖುಷಿಯಿಂದ ತಿನ್ನುತ್ತಾನೆ. ಬೇಕಾದ್ದು ಸಿಕ್ಕಿತು, ಬೇಕು ಎಂದು ಬಾಯಿಬಿಟ್ಟ ಕಳಂಕವೂ ತಟ್ಟಲಿಲ್ಲ. ಇಂದಿರಾಬಾಯಿ ಮಾತ್ರ ನನ್ನ ಮಾತನ್ನು ಮಾತೆಂದೇ ನಂಬಿ, ಚಪಾತಿಯ ಡಬ್ಬಿ ಮುಚ್ಚಿ, ಮಜ್ಜಿಗೆ ತರಲು ಹೋದಳು. ನಾನು ಆ ಡಬ್ಬಿಯನ್ನೇ ನೋಡುತ್ತ ಕೈ ತೊಳೆದೆ. ತುಂಗಾ ಒಳಗೆ ಆಕೆಯ ಜೊತೆ ಉಂಡಳು. ಅವಳಿಗೂ ಇದೇ ಗತಿ ಆಯಿತೆಂದು ಆಮೇಲೆ ತಿಳಿಯಿತು.

ಮರುದಿನ ಈ ಸಂಗತಿ ಹೇಳಿದಾಗ ವೆಂಕಟರಾವ ಹೊಟ್ಟೆ ಹಿಡಿದುಕೊಂಡು ನಕ್ಕ. “ಏ ಮಾಸ್ತರ, ಇಲ್ಲೆ ಬ್ಯಾಡ ಅಂದ್ರ ಬ್ಯಾಡ ಅಂತನ ತಿಳೀತಾರೋ. ಹಸಿವಿ ಇದ್ರ ಬೇಕು ಅನ್ನು. ನಾನೂ ಲಗ್ನಾದ ಹೊಸದಾಗಿ ಒಂದು ತಿಂಗಳು ಅತ್ತಿ ಮನ್ಯಾಗ ಅರೆಹೊಟ್ಟಿ ಉಂಡೇನಿ.”

“ಮಂದಿ ಮನ್ಯಾಗ ಕೂತು ಬೇಕು ಅನ್ನೋದು ಹೆಂಗೋ? ನಾಚಿಕಿ ಬ್ಯಾಡೇನು?”

“ಹಂಗಾರ ಹಸಕೊಂಡ ಮಲಕೋ” ಎಂದ ಆ ಪುಣೆಕರ.

ಊರು ನೋಡಿದ್ದು

ವ್ಯಾಖ್ಯಾನಕ್ಕೆ ಇನ್ನೂ ಎರಡು ದಿನವಿತ್ತು. ಊರು ಸುತ್ತಿದೆ. ಸುತ್ತಿದಷ್ಟೂ ನನ್ನ ವಿಷಯಕ್ಕೆ ಉದಾಹರಣೆಗಳು ತಾವಾಗಿಯೇ ಬಂದು ಸೇರತೊಡಗಿದವು.

ಮಧ್ಯಾಹ್ನ ಮಸಿ ತರಲು ಹೋದೆ. ಅಂಗಡಿಕಾರ ಚಾಪೆಯ ಮೇಲೆ ಮಲಗಿದ್ದ, ಕಣ್ಣು ತೆರೆದೇ ಇತ್ತು. ಮಸಿಯ ದವತಿ ಅವನ ಕೈಗೆ ಎಟಕುವಷ್ಟು ಹತ್ತಿರ. “ನಾಲ್ಕು ಗಂಟೆಗೆ” ಎಂದು ಹೇಳಿ ಮಗ್ಗುಲು ತಿರುಗಿದ. ಸೊಸೆಯ ಹೊಟ್ಟೆನೋವಿಗೆಂದು ಓಮ ಕೇಳಲು ಬಂದ ಮುದುಕಿಗೂ ಅದೇ ಉತ್ತರ. ಅವಳು ಗೊಣಗದೆ ಮೆಟ್ಟಿಲ ಮೇಲೆ ಕೂತಳು. ಒಂದು ಮುಷ್ಟಿ ಓಮಕ್ಕೆ ಒಂದೂವರೆ ತಾಸು! ನಮ್ಮ ಊರಲ್ಲಾಗಿದ್ದರೆ ಅಂಗಡಿಯವನ ಹೆಂಡತಿಯಾದರೂ ಒಳಗಿನಿಂದ ತಂದು ಕೊಡುತ್ತಿದ್ದಳು. ಇದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಸರಿ ಕಾಣುವುದಿಲ್ಲ.

ಟಾಂಗಾದವನೊಬ್ಬ, “ಈಗ ನನ್ನ ಊಟದ ಹೊತ್ತು” ಎಂದು ಗಿರಾಕಿಯನ್ನೇ ಬಿಟ್ಟ. ಬೆಳಿಗ್ಗೆ ಪರ್ವತಿ ಗುಡ್ಡದ ಮೆಟ್ಟಿಲು ಹತ್ತುವವರಲ್ಲಿ ಅರ್ಧ ಜನ ಗುಡಿಯ ಬಾಗಿಲಲ್ಲಿ ನಿಂತಂತೆ ಮಾಡಿ ಇಳಿದುಬಿಡುತ್ತಾರೆ. ಅವರು ಬಂದದ್ದು ತಮ್ಮ ಮೈ ಗಟ್ಟಿಯಾಗಲೆಂದು. ಕಾಲೇಜಿನ ಹುಡುಗಿಯರು ಸೈಕಲ್ ಮೇಲೆ ಗಂಟೆ ಬಾರಿಸುತ್ತ ಹೋಗುತ್ತಾರೆ, ದಾರಿ ಬಿಡದವರನ್ನು ಗದರುತ್ತಾರೆ. ಪ್ರತಿಯೊಬ್ಬರಿಗೂ ತಮಗೆ ಏನು ಬೇಕು, ಯಾವಾಗ ಬೇಕು ಎಂಬುದು ಪಕ್ಕಾ ಗೊತ್ತು. ನಾನು ಇದೆಲ್ಲವನ್ನೂ ವ್ಯಾಖ್ಯಾನದ ಅಂಚಿನಲ್ಲಿ ಬರೆದುಕೊಂಡೆ.

ಅತ್ತ ಮನೆಯಲ್ಲಿ ತುಂಗಾ ಬೇರೊಂದು ಪಾಠ ಕಲಿಯುತ್ತಿದ್ದಳು. ಮೊದಲ ದಿನ ಇಂದಿರಾಬಾಯಿ ಚಹಾ ಬೇಕೇ ಎಂದಾಗ ಬೇಡ ಎಂದು, ಆಕೆ ಒಬ್ಬಳೇ ಕುಡಿಯುವುದನ್ನು ನೋಡುತ್ತ ಕೂತಿದ್ದಳಂತೆ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ನಾನು ಒಳಗೆ ಬಂದರೆ ಇಬ್ಬರೂ ಬಟ್ಟಲು ಹಿಡಿದು ಕೂತಿದ್ದಾರೆ. ತುಂಗಾ ನನ್ನನ್ನು ಕಂಡು ಗಡಬಡಿಸಿ ಬಟ್ಟಲನ್ನು ಸೆರಗಿನ ಮರೆಗೆ ಸರಿಸಿದಳು. ನಾನು ಕಾಣದವನಂತೆ ಹೊರಗೆ ಹೋದೆ. ಹಾಗೆ ಹೋದದ್ದು ದೊಡ್ಡ ಉದಾರತೆ ಎಂದು ಆಗ ಅನಿಸಿತ್ತು.

ವ್ಯಾಖ್ಯಾನ

ಒಂದು ಶಾಲೆಯ ಕೋಣೆಯಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಕಾರಕೂನರು, ಜವಳಿ ವ್ಯಾಪಾರಿಗಳು, ಒಂದಿಬ್ಬರು ವಕೀಲರು. ಹೆಂಗಸರು ಹಿಂದಿನ ಜಮಖಾನೆಯ ಮೇಲೆ. ಬಹಳ ದಿನದ ಮೇಲೆ ಸಭೆಯಲ್ಲಿ ಕನ್ನಡ ಕೇಳುವವರ ಮುಖದಲ್ಲಿ ಒಂದು ಕಳೆ ಇರುತ್ತದೆ; ಅದನ್ನು ನೋಡಿ ನಾನು ಉಬ್ಬಿದೆ. ಮಸಿಯ ಅಂಗಡಿಯವನ ಕಥೆಗೆ ಎಲ್ಲರೂ ನಕ್ಕರು. ಸುಖವನ್ನು ಅಟ್ಟಿಸಿಕೊಂಡು ಹೋದವನಿಗೆ ಸುಖ ದಕ್ಕುವುದಿಲ್ಲ, ಇನ್ನೊಬ್ಬರಿಗಾಗಿ ಬದುಕಿದವರಿಗೆ ಅದು ಕೇಳದೆ ಬರುತ್ತದೆ ಎಂದೆ. ಮಾತಿನ ಭರದಲ್ಲಿ, ಬರೆದುಕೊಳ್ಳದ ಒಂದು ಉದಾಹರಣೆ ಕೂಡ ಬಾಯಿಗೆ ಬಂತು.

“ದೂರ ಹೋಗುವುದು ಬೇಡ. ನನ್ನ ತಂಗಿ ಇಲ್ಲೇ ಕೂತಿದ್ದಾಳೆ. ಚಿಕ್ಕ ವಯಸ್ಸಿನಲ್ಲಿ ಎಲ್ಲವನ್ನೂ ಕಳೆದುಕೊಂಡಳು. ತನಗೆಂದು ಏನೊಂದನ್ನೂ ಕೇಳಲಿಲ್ಲ. ನನ್ನ ಮಕ್ಕಳನ್ನು ಸಾಕುವುದರಲ್ಲೇ ಸುಖ ಕಂಡಳು.”

ಎಲ್ಲರೂ ತಿರುಗಿ ನೋಡಿದರು. ತುಂಗಾ ತಲೆ ಬಗ್ಗಿಸಿಕೊಂಡಿದ್ದಳು. ಅದು ವಿನಯ ಎಂದು ನಾನು ತಿಳಿದೆ.

ಮಾತು ಮುಗಿದ ಮೇಲೆ ಚನ್ನಬಸಪ್ಪನೆಂಬ ವ್ಯಾಪಾರಿ ಎದ್ದು ನಿಂತ. ಇಳಕಲ್ಲಿನ ಸೀರೆ ಮಾರುವವನು, ವಯಸ್ಸಾದವನು. “ಮಾಸ್ತರ್ರ, ಛಲೋ ಮಾತಾಡಿದ್ರಿ. ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಂಗಿಯವರು ಇಷ್ಟೆಲ್ಲಾ ಬಿಟ್ರು ಅಂದ್ರಿ. ನೀವೇನು ಬಿಟ್ಟೀರಿ?”

“ಸದ್ಯಕ್ಕ ಧಾರವಾಡದ ಊಟಾ ಬಿಟ್ಟು ಬಂದೇನ್ರಿ” ಎಂದೆ. ಕೋಣೆಯೆಲ್ಲ ನಗು. ಚನ್ನಬಸಪ್ಪನೂ ನಕ್ಕು ಕೂತ. ನಾನು ಗೆದ್ದೆ ಎಂದುಕೊಂಡೆನಾದರೂ ಹಾರ ಹಾಕಿಸಿಕೊಳ್ಳುವಾಗ ಆ ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆಯ ಚೂರಿನಂತೆ ಚುಚ್ಚುತ್ತಲೇ ಇತ್ತು.

ಕನ್ನಡ ತಿಳಿಯದ ಇಂದಿರಾಬಾಯಿ ದಾರಿಯಲ್ಲಿ ತುಂಗಾಳನ್ನು ಕೇಳಿದಳು: “ಎಲ್ಲರೂ ನಿಮ್ಮನ್ನು ಯಾಕೆ ನೋಡಿದರು? ಅಣ್ಣ ಏನು ಹೇಳಿದರು?”

“ನನಗೇನೂ ಬ್ಯಾಡಂತ ಹೇಳಿದ” ಎಂದಳು ತುಂಗಾ ಮರಾಠಿಯಲ್ಲಿ.

ನದಿಯಾಚೆಯ ಶಾಲೆ

ಊರ ಹೊರಗೆ ನದಿಯಾಚೆ ವಿಧವೆಯರು, ಗಂಡನ ಮನೆ ಬಿಟ್ಟವರು ಇದ್ದುಕೊಂಡು ಓದುವ ಒಂದು ಶಾಲೆ. ಇಂದಿರಾಬಾಯಿ ವಾರಕ್ಕೆರಡು ದಿನ ಅಲ್ಲಿ ಹೊಲಿಗೆ ಕಲಿಸುತ್ತಾಳೆ. ಬೇಸರ ಕಳೆಯಲೆಂದು ತುಂಗಾಳನ್ನೂ ಕರೆದುಕೊಂಡು ಹೋಗಿದ್ದಳು. ಎರಡನೆಯ ಸಲ ಹೋದ ದಿನ, ಅಣ್ಣನೂ ಬಂದು ಕಾಣಬೇಕೆಂದು, ಎಲ್ಲರೂ ‘ಬಾಯಿ’ ಎಂದು ಕರೆಯುವ ಅಲ್ಲಿನ ಮುಖ್ಯಸ್ಥೆಯಿಂದ ಹೇಳಿಕೆ ಬಂತು. ನನ್ನ ವ್ಯಾಖ್ಯಾನದ ಸುದ್ದಿ ಮುಟ್ಟಿರಬೇಕೆಂದು ಹೆಗಲ ಮೇಲೆ ಶಲ್ಯ ಹಾಕಿಕೊಂಡು ಹೋದೆ.

ಮರದ ನೆರಳಿನಲ್ಲಿ ತುಂಗಾ ಕೂತಿದ್ದಳು. ಸುತ್ತ ನಾಲ್ಕು ಜನ ಎಳೆಯ ವಯಸ್ಸಿನ ಹೆಂಗಸರು. ಬಿಜಾಪುರ, ಗದಗಿನ ಕಡೆಯವರಂತೆ. ಮರಾಠಿ ಬಾರದೆ, ಪಾಠ ತಿಳಿಯದೆ, ಬಂದಾಗಿನಿಂದ ಮೂಕರಂತೆ ಇದ್ದವರು. ತುಂಗಾ ನೆಲದ ಮೇಲೆ ಹುಣಸೆಬೀಜ ಹರವಿ ಒಂದೊಂದು ಗುಂಪನ್ನೂ ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಎಣಿಸಿ ತೋರಿಸುತ್ತಿದ್ದಳು. ನನ್ನ ಮಕ್ಕಳ ಪಕ್ಕದಲ್ಲಿ ಕೂತು ತಾನೂ ಕಲಿತ ಗಣಿತ ಅದು. ಒಬ್ಬಳು ಏನೋ ತಪ್ಪು ಹೇಳಿದಳು, ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ತುಂಗಾ ನಕ್ಕಳು. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ನಗುವಿನ ದನಿ ಹೇಗಿರುತ್ತದೆ ಎಂಬುದನ್ನು ನಾನು ಮರೆತಿದ್ದೆ. ಅದು ನೆನಪಾಗಿ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ, ಹೆದರಿಕೆಯಾಯಿತು.

ಬಾಯಿಯವರು ಐವತ್ತರ ಆಸುಪಾಸಿನವರು, ಬಿಳಿಯ ಸೀರೆ, ಸುತ್ತಿ ಬಳಸುವ ಮಾತಿಲ್ಲ. ತುಂಗಾಳನ್ನು ಕರೆಸಿ ನನ್ನ ಎದುರೇ ಹೇಳಿದರು. ಅವರ ಮರಾಠಿಯನ್ನು ಕನ್ನಡ ಮಾಡಿ ಹೇಳುತ್ತಿದ್ದೇನೆ: “ಈ ನಾಲ್ವರಿಗೆ ನಿಮ್ಮಂಥವರು ಬೇಕು. ಇಲ್ಲೇ ಇರಿ, ಊಟ ವಸತಿ ನಮ್ಮದು. ಎರಡು ಮೂರು ವರ್ಷದಲ್ಲಿ ನಿಮ್ಮನ್ನು ಶಿಕ್ಷಕಿಯ ಪರೀಕ್ಷೆಗೆ ಕೂಡಿಸುತ್ತೇನೆ. ಇರುತ್ತೀರಾ?”

ತುಂಗಾ ಒಂದು ಸಲ ನನ್ನ ಕಡೆ ನೋಡಿದಳು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಗಿಯತೊಡಗಿದಳು. ಬೆರಳ ತುದಿ ಬೆಳ್ಳಗಾಯಿತು. “ಬೇಡ” ಎಂದಳು. “ಮನೆಯಲ್ಲಿ ಮಕ್ಕಳಿದ್ದಾರೆ.”

“ಬರಂ” ಎಂದರು ಬಾಯಿಯವರು. ಸರಿ, ಆಯಿತು ಎಂದರ್ಥ. ಮುಂದಿದ್ದ ಪಟ್ಟಿಯನ್ನು ಮುಚ್ಚಿಟ್ಟರು. ಮುನಿಸಿಲ್ಲ, ಒತ್ತಾಯವಿಲ್ಲ. ಚಪಾತಿಯ ಡಬ್ಬಿ ಮುಚ್ಚಿದಷ್ಟೇ ಸಲೀಸು.

ಇಲ್ಲಿ ನಾನು ಸುಳ್ಳು ಬರೆಯಬಾರದು. ಅದು ಮೊದಲ ಬೇಡ ಎಂದು ನನಗೆ ಗೊತ್ತಿತ್ತು. ಆ ಬೆರಳು ನೋಡಿಯೇ ಗೊತ್ತಾಗಿತ್ತು. ಆ ಕೋಣೆಯಲ್ಲಿ ಅದನ್ನು ಬಲ್ಲವನು ನಾನೊಬ್ಬನೇ. ‘ತುಂಗಾ, ಇನ್ನೊಮ್ಮೆ ವಿಚಾರ ಮಾಡು’ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಬಾಯಿಯವರಿಗೆ ನಮಸ್ಕಾರ ಮಾಡಿ ಎದ್ದೆ.

ಇದು ಮೊದಲ ಸಲವೂ ಅಲ್ಲ. ಅವಳ ಹದಿನಾರನೆಯ ವಯಸ್ಸಿನಲ್ಲಿ, ನಮ್ಮ ಊರ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತೀಯೇನು ಎಂದು ನಾನೇ ಕೇಳಿದ್ದೆ. ಆಗಲೂ ಸೆರಗು ಸುತ್ತುತ್ತ, “ಬ್ಯಾಡಣ್ಣಾ” ಎಂದಿದ್ದಳು. ನಾನು ಅಲ್ಲಿಗೇ ಬಿಟ್ಟೆ. ನಮ್ಮ ಮೊದಲ ಕೂಸು ಆಗ ತೊಟ್ಟಿಲಲ್ಲಿತ್ತು. ‘ನಾ ಕೇಳಿದೆ, ಆಕಿನ ಒಲ್ಲೆ ಅಂದಳು’ ಎಂದು ಅಂದಿನಿಂದ ಎಷ್ಟು ಜನರ ಮುಂದೆ ಹೇಳಿದ್ದೇನೋ. ಒಂದು ಚಪಾತಿಗೆ ಮೂರು ಸಲ ಕೇಳಿಸಿಕೊಳ್ಳುವ ಜನ ನಾವು. ಒಂದು ಜೀವದ ಮಾತಿಗೆ ನಾನು ಒಂದೇ ಸಲ ಕೇಳಿ ಕೈ ತೊಳೆದುಕೊಂಡಿದ್ದೆ.

ಜೇಜುರಿ

ಮರುದಿನ ಬೆಳಿಗ್ಗೆಯ ಗಾಡಿಗೆ ಹೊರಟು ಜೇಜುರಿಯಲ್ಲಿ ಇಳಿದೆವು. ಸಾಮಾನನ್ನು ಸ್ಟೇಶನ್ನಿನಲ್ಲಿ ಬಿಟ್ಟು, ಕೊಬ್ಬರಿ, ಭಂಡಾರ ಕೊಂಡು ಮೆಟ್ಟಿಲು ಹತ್ತತೊಡಗಿದೆವು. ವಿಶೇಷ ದಿನವಲ್ಲದ್ದರಿಂದ ಜನ ವಿರಳ. ಅರಿಸಿನ ತುಳಿದು ತುಳಿದು ಕಲ್ಲೆಲ್ಲ ಹಳದಿ. ಹಾವೇರಿಯ ಕಡೆಯ ಒಂದು ಕುಟುಂಬ ಮುಂದೆ ಹೋಗುತ್ತಿತ್ತು. ಅವರ ಮುದುಕ ಹತ್ತು ಮೆಟ್ಟಿಲಿಗೊಮ್ಮೆ “ಏಳುಕೋಟಿ” ಎಂದು ದೇವರ ಜಯಕಾರ ಕೂಗುತ್ತಿದ್ದ. ಪರನಾಡಿನ ಗುಡ್ಡದ ಮೇಲೆ ನಮ್ಮ ಕನ್ನಡದ ಕೂಗು ಕೇಳಿ ಒಳ್ಳೆಯದೆನಿಸಿತು.

ಅರ್ಧ ಹತ್ತಿದ ಮೇಲೆ ಒಂದು ದೀಪಮಾಲೆಯ ಕಂಬದ ಬುಡದಲ್ಲಿ ದಣಿವಾರಿಸಿಕೊಳ್ಳಲು ನಿಂತೆವು. ರಾತ್ರಿಯೆಲ್ಲ ನನಗೆ ನಿದ್ದೆ ಇರಲಿಲ್ಲ. ಕೇಳಿದೆ. ಆದರೆ ಹೇಗೆ ಕೇಳಿದೆ ನೋಡಿ: “ತುಂಗಾ, ಆ ಸಾಲ್ಯಾಗ ಇರೋದು ನಿನಗ ಮನಸಿರಲಿಲ್ಲಲ್ಲಾ?”

“ಇರಲಿಲ್ಲಣ್ಣಾ. ವೈನಿಗೆ ಆರಾಮಿಲ್ಲ. ನಡಿ” ಎಂದು ನನ್ನ ಹೆಂಡತಿಯ ನೆವ ಹೇಳಿದಳು.

ಇಲ್ಲ ಎಂಬ ಉತ್ತರ ಬರುವ ಹಾಗೆಯೇ ಪ್ರಶ್ನೆ ಹೆಣೆದಿದ್ದೆ, ಬಂತು. ಹಗುರಾಗಿ ಮೇಲೆ ಹತ್ತಿದೆ. ಅಲ್ಲಿ ತುಂಗಾ ತಾಯಿಯ ಹೆಸರು ಹೇಳಿ, ನನ್ನ ಹೆಸರು ಹೇಳಿ, ಎರಡೂ ಕೈಯಿಂದ ಭಂಡಾರ ತೂರಿದಳು. ಗಾಳಿ ಬೀಸಿ ಅರಿಸಿನವೆಲ್ಲ ನನ್ನ ತಲೆಯ ಮೇಲೆ, ಮುಖದ ಮೇಲೆ ಬಿತ್ತು. “ಅಣ್ಣನ್ನ ನೂರು ವರ್ಷ ಇಡಪಾ” ಎಂದು ಅವಳು ಗಟ್ಟಿಯಾಗಿ ಬೇಡಿಕೊಂಡಳು. ತನಗೆಂದು ಏನನ್ನೂ ಬೇಡಲಿಲ್ಲ. ನಾಲ್ಕು ದಿನದ ಹಿಂದೆ ಸಭೆಯಲ್ಲಿ ನಾನು ಹೊಗಳಿದ್ದು ಇದನ್ನೇ. ಎದುರಿಗೆ ನಿಂತು ನೋಡಿದಾಗ ಹೊಗಳುವಂಥದು ಏನೂ ಕಾಣಲಿಲ್ಲ. ನನ್ನ ಮೇಲೆ ನನಗೇ ಹೇಸಿಕೆ ಬಂತು.

ಇಳಿಯುವಾಗ ಕಾಲು ಸಾಗಲಿಲ್ಲ. ಮನಸ್ಸು ಬೇರೆ ವಕೀಲಿ ಮಾಡುತ್ತಿತ್ತು: ಹೆಂಡತಿ ಕೊನೆಯ ಹೆರಿಗೆಯಿಂದ ಬಡಕಲಾಗಿದ್ದಾಳೆ, ಐದು ಮಕ್ಕಳು, ಮಡಿ, ಅಡಿಗೆ, ಹಬ್ಬ ಹುಣ್ಣಿಮೆ. ಹೇಗೂ ತುಂಗಾ ಎರಡು ಸಲ ಬೇಡ ಎಂದಾಗಿದೆ. ಸುಮ್ಮನೆ ಕೆಳಗಿಳಿದರೆ ಗಾಡಿ ಸಿಗುತ್ತದೆ, ನಾಳೆ ಊರು. ಯಾರೂ ನನ್ನನ್ನು ಕೆಟ್ಟವನೆನ್ನುವುದಿಲ್ಲ. ತುಂಗಾ ಕೂಡ ಅನ್ನುವುದಿಲ್ಲ.

ಅದೇ ನನ್ನನ್ನು ಹಿಡಿದು ನಿಲ್ಲಿಸಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

“ತುಂಗಾ, ಬೇಕೇನು?”

ಅವಳು ಎರಡು ಮೆಟ್ಟಿಲು ಕೆಳಗಿದ್ದಳು. ಏನು ಎಂದು ಕೇಳಲಿಲ್ಲ. ಹಾವೇರಿಯವರು ನಮ್ಮನ್ನು ದಾಟಿ ಇಳಿದು ಹೋದರು. ಅವರ ಕೂಗು ಬುಡದಲ್ಲಿ ಕೇಳುವಷ್ಟು ಹೊತ್ತಾದ ಮೇಲೆ ಬಾಯಿ ಬಿಟ್ಟಳು.

“ಬೇಕು.”

ನಾನು ತಲೆ ಆಡಿಸಿದೆ. ಅವಳು ಅಲ್ಲಿಗೇ ಬಿಡಲಿಲ್ಲ. “ಮೊದಲನೇ ಸಲನ ನಿನಗ ಗೊತ್ತಿತ್ತಲ್ಲಾ?”

“ಗೊತ್ತಿತ್ತು.”

“ಆವತ್ತು, ಸಣ್ಣಾಕಿ ಇದ್ದಾಗ ಕೇಳಿದೆಲ್ಲಾ, ಆವಾಗೂ?”

“ಆವಾಗೂ.”

ತುಂಗಾ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಮುಖದ ಅರಿಸಿನ ಒರೆಸಿಕೊಂಡು ನನ್ನನ್ನೇ ನೆಟ್ಟಗೆ ನೋಡಿದಳು. “ಇವತ್ತು ಕೇಳಿದ್ದಕ್ಕ ನಿನ್ನ ಕಾಲಿಗೆ ಬೀಳಬೇಕೋ, ಇಷ್ಟು ವರ್ಷ ಕೇಳದ್ದಕ್ಕ ನಿನ್ನ ಜೋಡಿ ಮಾತು ಬಿಡಬೇಕೋ, ನನಗ ತಿಳೀವಲ್ದು ಅಣ್ಣಾ” ಎಂದವಳೇ ಕೆಳಗಿಳಿಯತೊಡಗಿದಳು. ನಾನು ಹಿಂದೆ ಹಿಂದೆ ಹೋದೆ.

ಮಧ್ಯಾಹ್ನದ ಗಾಡಿಗೆ ಮತ್ತೆ ಪುಣೆಗೇ ಬಂದೆವು. ಟಾಂಗಾ ಮಾಡಿಕೊಂಡು ನೇರ ನದಿಯಾಚೆಗೆ. ಇಬ್ಬರೂ ಹಳದಿ ಹಳದಿಯಾಗಿ ನಿಂತದ್ದನ್ನು ನೋಡಿ ಬಾಯಿಯವರು ಕನ್ನಡಕ ಏರಿಸಿದರು. “ನಿನ್ನೆ ಬೇಡ ಎಂದಿರಿ.”

“ನಿನ್ನೆ ಸುಳ್ಳು ಹೇಳಿದೆ” ಎಂದಳು ತುಂಗಾ. ಅಷ್ಟು ಸ್ಪಷ್ಟವಾದ ಮರಾಠಿಯನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

“ಬರಂ” ಎಂದು ಬಾಯಿಯವರು ಪಟ್ಟಿ ತೆಗೆದು ಅವಳ ಹೆಸರು ಬರೆದುಕೊಂಡರು.

ತಿರುಗಿ ಬಂದದ್ದು

ಬರುವಾಗ ಒಬ್ಬನೇ. ಗಾಡಿಯಲ್ಲಿ ಬಹಳ ಯೋಚಿಸಿದೆ. ಪುಣೆಯವರ ಬೇಕು ನನಗೆ ಪೂರ್ತಿ ಹಿಡಿಸಿಲ್ಲ. ಓಮಕ್ಕಾಗಿ ಕಾದು ಕೂತ ಮುದುಕಿ ಇನ್ನೂ ಕಣ್ಣ ಮುಂದಿದ್ದಾಳೆ. ಆದರೆ ನಮ್ಮ ಬೇಡ ಎಷ್ಟು ಜನರನ್ನು ಬಾಯಿ ಮುಚ್ಚಿಸಿ ಕೂಡಿಸಿದೆ ಎಂಬುದು ನನಗೆ ಈಗ ತಿಳಿಯಿತು. ಇನ್ನೊಬ್ಬರ ಬೇಕು ನಮಗೆ ಅಡ್ಡ ಬಂದಾಗ ಅದಕ್ಕೆ ಸ್ವಾರ್ಥ ಎಂದು ಹೆಸರಿಡುತ್ತೇವೆ. ಅವರ ಬೇಡ ನಮಗೆ ಅನುಕೂಲವಾದಾಗ ಅದಕ್ಕೆ ತ್ಯಾಗ ಎನ್ನುತ್ತೇವೆ. ತುಂಗಾಳ ಸುಖಕ್ಕಾಗಿ ಕಡೆಗೂ ನಾನು ಏನೋ ಬಿಟ್ಟುಕೊಟ್ಟೆ ಎಂಬ ಸಮಾಧಾನ, ಕೃಷ್ಣೆ ದಾಟುವ ಹೊತ್ತಿಗೆ ಒಂದು ಬಗೆಯ ಹೆಮ್ಮೆಯೇ ಆಗಿ ಕೂತಿತ್ತು.

ಮನೆ ಮುಟ್ಟಿದಾಗ ಬೆಳಗಿನ ಹೊತ್ತು. ಹೆಂಡತಿ ಕಮಲಾ ಕೊನೆಯ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದಳು. ನನ್ನ ಬೆನ್ನ ಹಿಂದೆ ನೋಡಿದಳು. “ತುಂಗಾ ಎಲ್ರೀ?”

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಶಾಲೆ, ಬಾಯಿಯವರು, ಜೇಜುರಿಯ ಮೆಟ್ಟಿಲು, ಮೂರು ಸಲ ಕೇಳಿದ್ದು. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ವ್ಯಾಖ್ಯಾನದ ದನಿಯಂತೆ ಕೇಳತೊಡಗಿತು. ಮುಗಿದ ಮೇಲೆ ಕಮಲಾ ಕೂಸನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿಕೊಂಡಳು.

“ಆಕಿನ್ನ ಮೂರು ಸಲ ಕೇಳಿದ್ರಿ. ಭಾಳ ಛಲೋ ಮಾಡಿದ್ರಿ. ಆಕಿ ಮಾಡೋ ಕೆಲಸಾ ಎಲ್ಲಾ ಇನ್ನ ನನ್ನ ಮೈಮ್ಯಾಲೆ ಬರತದ. ನನ್ನನ್ನ ಒಂದ ಸಲಾನೂ ಕೇಳಲಿಲ್ಲ.”

ಬಿಟ್ಟುಕೊಟ್ಟೆ ಎಂದು ನಾನು ಹೆಮ್ಮೆಪಟ್ಟದ್ದು ನನ್ನದಾಗಿರಲೇ ಇಲ್ಲ. “ಹಂಗಾರ ಪತ್ರ ಬರೀಲೇನು? ತಿರುಗಿ ಕರಸೋಣೇನು?” ಎಂದು ತೊದಲಿದೆ.

ಕಮಲಾ ಸಿಟ್ಟಿನಿಂದ ನನ್ನ ಕಡೆ ನೋಡಿದಳು. “ಆಕಿನ್ನ ತಿರುಗಿ ಕರಸೋ ಮಾತು ಈ ಮನ್ಯಾಗ ಯಾರೂ ಆಡಬ್ಯಾಡ್ರಿ. ಪಾಪ, ಈಗರೆ ಓದಲಿ ಆಕಿ. ಕೊಡಾ ಅಲ್ಲೆ ಒಲಿ ಹಂತ್ಯಾಕ ಅದ. ನೀರ ತರ್ರಿ.”

ಕೋಟು ಕಳಚಿ ಗೂಟಕ್ಕೆ ಹಾಕಿ, ಕೊಡ ಎತ್ತಿಕೊಂಡು ಹೊರಟೆ. ಅಕ್ಕಪಕ್ಕದ ಕಟ್ಟೆಗಳ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ಹುಟ್ಟಿ ಬೆಳೆದ ಓಣಿಯ ಬಾವಿ ಎಷ್ಟು ಆಳ ಎಂದು ನನಗೆ ಗೊತ್ತಾದದ್ದು ಅಂದು, ನನ್ನ ನಲವತ್ತನೆಯ ವಯಸ್ಸಿನಲ್ಲಿ.